ಅಣ್ವಸ್ತ್ರ ಹಾರಿಸುವ ಆದೇಶ ಬಂದರೆ ಸೈನಿಕ ಒಲ್ಲೆ ಎನ್ನಬಹುದೇ?

ಪ್ರಶ್ನೆ: ನಮ್ಮದು ಕೊಡಗಿನ ಪೊನ್ನಂಪೇಟೆ ಕಡೆಯ ಕುಟುಂಬ. ಅಜ್ಜನ ಕಾಲದಿಂದಲೂ ಮನೆಯಲ್ಲಿ ಯಾರಾದರೊಬ್ಬರು ಮಿಲಿಟರಿಯಲ್ಲಿ ಇದ್ದೇ ಇದ್ದಾರೆ. ಕೈಲ್ ಮುಹೂರ್ತದ ಹಬ್ಬಕ್ಕೆ ಎಲ್ಲರೂ ಸೇರಿದ್ದಾಗ ಮಾತು ಅಣುಬಾಂಬಿನ ಕಡೆ ಹೊರಳಿತು. ಆದೇಶ ಅಂದ ಮೇಲೆ ಪಾಲಿಸಲೇಬೇಕು ಎಂದರು ಮಾವ. ಲಕ್ಷಾಂತರ ಜನ ಸಾಯುತ್ತಾರೆ ಅಂತ ಗೊತ್ತಿದ್ದೂ ಪಾಲಿಸಬೇಕಾ ಎಂದಳು ಮಗಳು. ಯಾರ ಮಾತು ಸರಿ?

ಉತ್ತರ: ಮಾವನವರ ಬೆನ್ನಿಗೆ 1950ರ ಸೇನಾ ಕಾಯ್ದೆಯ 41ನೇ ಸೆಕ್ಷನ್ ಇದೆ. ಮೇಲಧಿಕಾರಿಯ ಆದೇಶವನ್ನು ಬೇಕೆಂದೇ ಧಿಕ್ಕರಿಸಿದರೆ 14 ವರ್ಷದವರೆಗೆ ಜೈಲು. ಆದರೆ ಅದೇ ಸೆಕ್ಷನ್ ಮಗಳಿಗೂ ಒಂದು ಬಾಗಿಲು ತೆರೆದಿಟ್ಟಿದೆ: ಶಿಕ್ಷೆ ಇರುವುದು ಕಾನೂನುಬದ್ಧ ಆದೇಶ ಮೀರಿದರೆ ಮಾತ್ರ. ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಯ ನಂತರ, 1950ರಲ್ಲೇ, ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ ಒಂದು ತತ್ವವನ್ನು ಬರೆದಿಟ್ಟಿತು. ಬೇರೆ ದಾರಿ ಹಿಡಿಯುವ ಅವಕಾಶ ನಿಜಕ್ಕೂ ಇದ್ದವನು 'ಮೇಲಿನವರು ಹೇಳಿದರು, ಮಾಡಿದೆ' ಎಂದು ಹೊಣೆಯಿಂದ ಜಾರಿಕೊಳ್ಳುವಂತಿಲ್ಲ.

ಹಾಗಾದರೆ ಅಣ್ವಸ್ತ್ರದ ಆದೇಶ ಕಾನೂನುಬದ್ಧವೇ? 1996ರ ಜುಲೈ 8ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಇದಕ್ಕೆ ಅರ್ಧ ಉತ್ತರ ಕೊಟ್ಟಿತು. ಅಣ್ವಸ್ತ್ರ ಬಳಕೆ ಸಾಮಾನ್ಯವಾಗಿ ಯುದ್ಧದ ಕಾನೂನಿಗೆ ವಿರುದ್ಧ. ಆದರೆ ದೇಶದ ಉಳಿವೇ ಪ್ರಶ್ನೆಯಾದ ಆತ್ಮರಕ್ಷಣೆಯ ಕೊನೆಯ ಗಳಿಗೆಯಲ್ಲಿ ಸರಿಯೋ ತಪ್ಪೋ ಎಂದು ಖಚಿತವಾಗಿ ಹೇಳಲಾಗದು ಎಂದಿತು. ಮತಗಳು 7-7 ಸಮವಾಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ಆ ಸಾಲು ಉಳಿಯಿತು. ಅದೇ ನ್ಯಾಯಾಲಯದ ಮುಂದೆ ಭಾರತ ಮಂಡಿಸಿದ್ದ ವಾದ ಇನ್ನೂ ಕಠಿಣ: ಪ್ರತೀಕಾರಕ್ಕೆಂದು ಬಳಸಿದರೂ ಕಾನೂನುಬಾಹಿರ. ಎರಡೇ ವರ್ಷದಲ್ಲಿ ಪೋಖ್ರಾನ್‌ನಲ್ಲಿ ಐದು ಸ್ಫೋಟ ನಡೆಸಿದೆವು. 2003ರ ಜನವರಿ 4ರಂದು ಪ್ರಕಟಿಸಿದ ನೀತಿಯಲ್ಲಿ, ಮೊದಲು ಬಳಸುವುದಿಲ್ಲ, ಆದರೆ ನಮ್ಮ ಮೇಲೆ ಬಿದ್ದರೆ ಭಾರೀ ಪ್ರತೀಕಾರ ಖಂಡಿತ ಎಂದು ಬರೆದೆವು. ಈ ಎರಡು ನಿಲುವುಗಳು ಒಂದಕ್ಕೊಂದು ಹೊಂದುವುದಿಲ್ಲ.

ಕಾನೂನು ಇಷ್ಟು ಗೋಜಲಾಗಿರುವಾಗ, ಗುಂಡಿ ಒತ್ತುವವನ ಆತ್ಮಸಾಕ್ಷಿಯ ಮೇಲೆ ಭಾರ ಹಾಕಬಹುದೇ? ಅದು ಕೆಲಸ ಮಾಡಬಾರದು ಎಂಬ ಲೆಕ್ಕದಲ್ಲೇ ವ್ಯವಸ್ಥೆಯನ್ನು ಕಟ್ಟಿರುತ್ತಾರೆ.

ಅಮೆರಿಕದ ಮಿನಿಟ್‌ಮನ್ ಕ್ಷಿಪಣಿಗಳನ್ನೇ ನೋಡಿ. ನೆಲದಡಿಯ ಕೋಣೆಯಲ್ಲಿ ಇಬ್ಬರು ಅಧಿಕಾರಿಗಳು. ಎರಡು ಬೀಗದ ಕೆಂಪು ಪೆಟ್ಟಿಗೆಯಿಂದ ಮುದ್ರೆ ಹಾಕಿದ ಸಂಕೇತವನ್ನು ತೆಗೆದು, ಬಂದ ಸಂದೇಶದೊಡನೆ ತಾಳೆ ನೋಡಬೇಕು. ಆಮೇಲೆ ಇಬ್ಬರೂ ಒಟ್ಟಿಗೇ ಕೀಲಿ ತಿರುಗಿಸಬೇಕು. ಒಬ್ಬನ ಕೈಗೆ ಎರಡೂ ಎಟುಕದಷ್ಟು ದೂರದಲ್ಲಿ ಅವನ್ನು ಕೂರಿಸಿದ್ದಾರೆ. ಒಬ್ಬ ತಲೆಕೆಟ್ಟು ಹಾರಿಸದಿರಲಿ ಎಂಬುದಕ್ಕೆ ಇದು. ಇದರ ಇನ್ನೊಂದು ಮಗ್ಗುಲು ಬೇರೆ. 50 ಕ್ಷಿಪಣಿಗಳ ಒಂದು ದಳಕ್ಕೆ ಇಂಥ ಐದು ಕೋಣೆಗಳಿವೆ, ಎರಡು ಕೋಣೆಗಳವರು ಕೀಲಿ ತಿರುಗಿಸಿದರೆ ಸಾಕು. ಒಬ್ಬ ಅಧಿಕಾರಿ ಕೈಕಟ್ಟಿ ಕೂತರೆ ಅವನ ನೌಕರಿ ಹೋಗುತ್ತದೆ, ಕ್ಷಿಪಣಿ ಹೋಗುವುದು ನಿಲ್ಲುವುದಿಲ್ಲ. ಸಂಕೇತ ಸರಿಯಾಗಿದೆಯೇ ಎಂದಷ್ಟೇ ಅವನು ನೋಡಬಹುದು, ಆದೇಶ ಸರಿಯಾಗಿದೆಯೇ ಎಂದು ನೋಡುವಂತಿಲ್ಲ.

1973ರಲ್ಲಿ ಆ ತರಬೇತಿಯಲ್ಲಿದ್ದ ಮೇಜರ್ ಹೆರಾಲ್ಡ್ ಹೆರಿಂಗ್ ಇದನ್ನೇ ಕೇಳಿದರು: ಆದೇಶ ಕೊಟ್ಟ ಅಧ್ಯಕ್ಷರ ಬುದ್ಧಿ ಸ್ಥಿಮಿತದಲ್ಲಿದೆ ಅಂತ ನನಗೆ ಗೊತ್ತಾಗುವುದು ಹೇಗೆ? ವಿಯೆಟ್ನಾಂನಲ್ಲಿ ರಕ್ಷಣಾ ಹೆಲಿಕಾಪ್ಟರ್ ಹಾರಿಸಿ ಬಂದಿದ್ದ ಮನುಷ್ಯ, ಪುಕ್ಕಲನೇನಲ್ಲ. ಅದು ನೀನು ತಿಳಿಯಬೇಕಾದ ವಿಷಯವಲ್ಲ ಎಂಬ ಉತ್ತರ ಬಂತು. ತರಬೇತಿಯಿಂದ ತೆಗೆದರು, ಕೊನೆಗೆ ವಾಯುಪಡೆಯಿಂದಲೂ ಹೊರಗೆ ಹಾಕಿದರು.

ಇನ್ನು, ನಿಜವಾಗಿ ಬಾಂಬ್ ಬಿದ್ದ ಎರಡು ದಿನಗಳಲ್ಲಿ ಆದೇಶ ಹೇಗೆ ಕೆಲಸ ಮಾಡಿತು ಎಂಬುದು. 1945ರ ಜುಲೈ 25ರ ಲಿಖಿತ ಆದೇಶದಲ್ಲಿ ನಾಲ್ಕು ಊರುಗಳ ಹೆಸರಿತ್ತು: ಹಿರೋಶಿಮಾ, ಕೊಕುರಾ, ನಿಗಾಟಾ, ನಾಗಸಾಕಿ. ಆಗಸ್ಟ್ 3ರ ನಂತರ, ಕಣ್ಣಿಗೆ ಗುರಿ ಕಾಣುವಷ್ಟು ಆಕಾಶ ತಿಳಿಯಾದ ಕೂಡಲೇ ಮೊದಲನೆಯದನ್ನು ಹಾಕಿ. ಮುಂದಿನವು ತಯಾರಾದ ಹಾಗೆ ಹಾಕುತ್ತಾ ಹೋಗಿ. ಅಂದರೆ ಎರಡನೆಯ ಬಾಂಬಿಗೆ ಪ್ರತ್ಯೇಕ ಅಪ್ಪಣೆಯೇ ಬೇಕಿರಲಿಲ್ಲ. ಆಗಸ್ಟ್ 9ರಂದು ವಿಮಾನ ಹೊರಟದ್ದು ಕೊಕುರಾಕ್ಕೆ. ಹೊಗೆ, ಮಬ್ಬು ಕವಿದು ಗುರಿ ಕಾಣಲಿಲ್ಲ. ಮೂರು ಸುತ್ತು ಹಾಕಿದರು. ಮೊದಲೇ ಒಂದು ಪಂಪ್ ಕೆಟ್ಟು ಒಂದಿಷ್ಟು ಇಂಧನ ಬಳಸಲು ಬಾರದಂತಾಗಿತ್ತು. ನಾಗಸಾಕಿಯ ಕಡೆ ತಿರುಗಿದರು, 11 ಗಂಟೆ 2 ನಿಮಿಷಕ್ಕೆ ಅಲ್ಲಿ ಸ್ಫೋಟ. ಆ ವರ್ಷದ ಕೊನೆಯ ಹೊತ್ತಿಗೆ ಅಲ್ಲಿ ಸುಮಾರು 70 ಸಾವಿರ, ಹಿರೋಶಿಮಾದಲ್ಲಿ ಸುಮಾರು 1 ಲಕ್ಷ 40 ಸಾವಿರ ಜನ ಸತ್ತಿದ್ದರು. ಯಾವ ಊರು ಉಳಿಯಬೇಕು, ಯಾವುದು ಅಳಿಯಬೇಕು ಎಂದು ಅಂದು ತೀರ್ಮಾನಿಸಿದ್ದು ಮೋಡ. ಮಾರನೆಯ ದಿನ, ನನ್ನ ಸ್ಪಷ್ಟ ಅಪ್ಪಣೆ ಇಲ್ಲದೆ ಇನ್ನೊಂದು ಬೇಡ ಎಂದು ಅಧ್ಯಕ್ಷ ಟ್ರೂಮನ್ ತಡೆದರು. ಇನ್ನೂ ಒಂದು ಲಕ್ಷ ಜನರನ್ನು ಕೊಲ್ಲುವುದು ತೀರಾ ಘೋರ ಎಂದು ಅವರು ಹೇಳಿದ್ದನ್ನು ಸಚಿವರೊಬ್ಬರು ಡೈರಿಯಲ್ಲಿ ಬರೆದಿದ್ದಾರೆ.

ಒಬ್ಬ ಅಧಿಕಾರಿಯ ವಿವೇಕದಿಂದ ಅನಾಹುತ ತಪ್ಪಿದ ಉದಾಹರಣೆಯೂ ಇದೆಯಲ್ಲ ಎನ್ನುವವರು ಸೋವಿಯತ್ ಲೆಫ್ಟಿನೆಂಟ್ ಕರ್ನಲ್ ಸ್ತಾನಿಸ್ಲಾವ್ ಪೆಟ್ರೋವ್ ಹೆಸರು ತೆಗೆಯುತ್ತಾರೆ. 1983ರ ಸೆಪ್ಟೆಂಬರ್ 26ರ ನಡುರಾತ್ರಿ ಉಪಗ್ರಹ ವ್ಯವಸ್ಥೆ ಅಮೆರಿಕದಿಂದ ಮೊದಲು ಒಂದು, ಆಮೇಲೆ ನಾಲ್ಕು ಕ್ಷಿಪಣಿ ಹೊರಟವೆಂದು ತೋರಿಸಿತು. ಯುದ್ಧ ಶುರುಮಾಡುವವರು ಬರೀ ಐದು ಹಾರಿಸುತ್ತಾರೆಯೇ ಎಂದು ಅವರಿಗೆ ಅನುಮಾನ ಬಂತು. ನೆಲದ ರಾಡಾರ್‌ನಲ್ಲೂ ಏನೂ ಇರಲಿಲ್ಲ. ಸುಳ್ಳು ಎಚ್ಚರಿಕೆ ಎಂದೇ ಮೇಲಕ್ಕೆ ವರದಿ ಕೊಟ್ಟರು. ಮೋಡದ ಮೇಲ್ಭಾಗಕ್ಕೆ ಬಿದ್ದ ಬಿಸಿಲನ್ನು ಉಪಗ್ರಹ ಬೆಂಕಿ ಎಂದುಕೊಂಡಿತ್ತು. ಗಮನಿಸಿ, ಪೆಟ್ರೋವ್ ಯಾವ ಆದೇಶವನ್ನೂ ಮೀರಲಿಲ್ಲ. ಆದೇಶ ಹುಟ್ಟುವ ಮೊದಲಿನ ಹಂತದಲ್ಲಿ ಅವರಿದ್ದರು, ಯೋಚಿಸಲು ಕೆಲವು ನಿಮಿಷ ಸಿಕ್ಕಿತು. (ಆ ರಾತ್ರಿಯ ಟಿಪ್ಪಣಿ ಪುಸ್ತಕ ತುಂಬಿಸಲಿಲ್ಲವೆಂದು ಆಮೇಲೆ ಬೈಸಿಕೊಂಡರು.)

ನಮ್ಮ ದೇಶಕ್ಕೆ ಬಂದರೆ, ಆದೇಶ ಕೊಡುವ ಅಧಿಕಾರ ಪ್ರಧಾನಿ ಅಧ್ಯಕ್ಷತೆಯ ರಾಜಕೀಯ ಮಂಡಳಿಯದ್ದು ಮಾತ್ರ. ರಾಷ್ಟ್ರೀಯ ಭದ್ರತಾ ಸಲಹೆಗಾರರ ಕಾರ್ಯಕಾರಿ ಮಂಡಳಿ ಮಾಹಿತಿ ಒದಗಿಸಿ, ಆದೇಶವನ್ನು ಜಾರಿಗೆ ತರುತ್ತದೆ. ಆಯುಧಗಳನ್ನು ನೋಡಿಕೊಳ್ಳುವುದು ಸ್ಟ್ರಾಟೆಜಿಕ್ ಫೋರ್ಸಸ್ ಕಮಾಂಡ್ ಎಂಬ ಸೇನಾ ವಿಭಾಗ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು. ಬಹುಕಾಲ ಬಾಂಬಿನ ಪರಮಾಣು ಗರ್ಭ ಅಣುಶಕ್ತಿ ಇಲಾಖೆಯ ಬಳಿ, ಸ್ಫೋಟಕ ಜೋಡಣೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಬಳಿ, ಕ್ಷಿಪಣಿ ಮತ್ತು ವಿಮಾನ ಸೇನೆಯ ಬಳಿ ಇರುತ್ತಿದ್ದವು. ಕೊಡಗಿನವರಿಗೆ ಹೇಳುವುದಾದರೆ ಕೋವಿ ಒಬ್ಬರ ಮನೆಯಲ್ಲಿ, ತೋಟಾ ಇನ್ನೊಬ್ಬರ ಮನೆಯಲ್ಲಿ. ಸಿಟ್ಟಿನ ಭರದಲ್ಲಿ ಹೊಡೆಯಲು ಆಗುವುದೇ ಇಲ್ಲ. ಮೂರು ಕಡೆಯವರು ಸೇರಿ ಜೋಡಿಸುವಷ್ಟರಲ್ಲಿ ತಪ್ಪು ಮಾಹಿತಿಯನ್ನು ಪರೀಕ್ಷಿಸಲು, ಬೇಡ ಎನ್ನಲು ಹೊತ್ತು ಸಿಗುತ್ತಿತ್ತು.

ಆ ಹೊತ್ತು ಈಗ ಕರಗುತ್ತಿದೆ. 2015ರ ಜನವರಿಯಲ್ಲಿ ಅಗ್ನಿ-5ನ್ನು ಮೊಹರು ಮಾಡಿದ ಕೊಳವೆಯಿಂದ ಹಾರಿಸಿ ನೋಡಿದರು. ಕೊಳವೆಯೊಳಗೆ ಸಿಡಿತಲೆಯನ್ನು ಮೊದಲೇ ಕೂರಿಸಿಡಬಹುದು. 2018ರ ನವೆಂಬರ್‌ನಲ್ಲಿ ಅರಿಹಂತ್ ಜಲಾಂತರ್ಗಾಮಿ ತನ್ನ ಮೊದಲ ಗಸ್ತು ಮುಗಿಸಿತೆಂದು ಸರ್ಕಾರ ಘೋಷಿಸಿತು. ನೀರಿನಡಿಯ ಹಡಗಿನಲ್ಲಿ ಕೋವಿ ಒಂದು ಕಡೆ ತೋಟಾ ಒಂದು ಕಡೆ ಎಂಬ ಅನುಕೂಲ ಇಲ್ಲ. ಕೈತಪ್ಪುವುದು ಹೇಗಿರುತ್ತದೆ ಎಂಬುದಕ್ಕೆ 2022ರ ಮಾರ್ಚ್ 9 ಸಾಕ್ಷಿ. ಸಿಡಿತಲೆ ಇಲ್ಲದ ಬ್ರಹ್ಮೋಸ್ ಒಂದು ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿತ್ತು. ನಿಗದಿತ ಕ್ರಮ ಪಾಲಿಸಲಿಲ್ಲವೆಂದು ವಾಯುಪಡೆಯ ಮೂವರು ಅಧಿಕಾರಿಗಳನ್ನು ವಜಾ ಮಾಡಿದರು.

ಆದ್ದರಿಂದ ಮಾವ ಮತ್ತು ಮಗಳ ವಾದ ಕೀಲಿ ತಿರುಗಿಸುವವನ ಹತ್ತಿರ ನಿಂತರೆ ಇತ್ಯರ್ಥವಾಗುವುದಿಲ್ಲ. ಅವನ ಕೈಗೆ ಬರುವಷ್ಟರಲ್ಲಿ ಎಲ್ಲ ತೀರ್ಮಾನವಾಗಿರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಕೇಳಬೇಕಾದ ಪ್ರಶ್ನೆ, ಬಿಡಿಭಾಗಗಳನ್ನು ಜೋಡಿಸಿಯೇ ಇಡಬೇಕೆ ಎಂಬುದು. ಮೊದಲು ಬಳಸುವುದಿಲ್ಲ ಎಂಬ ಮಾತಿಗೆ ಬದ್ಧರಾದವರಿಗೆ ನಿಮಿಷಗಳ ಅವಸರವಿಲ್ಲ. ಪ್ರತೀಕಾರ ಒಂದು ದಿನ ತಡವಾದರೂ ಪ್ರತೀಕಾರವೇ, ಎದುರಾಳಿಗೆ ಅದರ ಭಯವೇನೂ ಕಡಿಮೆಯಾಗುವುದಿಲ್ಲ. ನೆಲದ ಮೇಲಿರುವ ಅಗ್ನಿ ಕ್ಷಿಪಣಿಗಳ ಸಿಡಿತಲೆಯನ್ನಾದರೂ ಶಾಂತಿಕಾಲದಲ್ಲಿ ಬೇರೆ ಇಲಾಖೆಯ ಬೀಗದಲ್ಲಿ ಇಡಬೇಕು.