ಚಳಿಗೆ ಬಿಗಿಯಾಗುವ ಸೇತುವೆ

ಲಾರಿ ದಾಟಿಹೋದ ಮೇಲೂ ಸೇತುವೆ ಸ್ವಲ್ಪ ಹೊತ್ತು ನಡುಗುತ್ತಲೇ ಇರುತ್ತದೆ. ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಅನ್ನೋದು ಅದರ ತೂಕ ಮತ್ತು ಬಿಗಿತವನ್ನು, ಅಂದರೆ ಸುಲಭಕ್ಕೆ ಬಾಗದ ಗುಣವನ್ನು, ಅವಲಂಬಿಸಿದೆ. ಬಿರುಕು ಬಿಟ್ಟರೆ ತೂಕ ಹಾಗೇ ಇರುತ್ತದೆ, ಬಿಗಿತ ಮಾತ್ರ ಇಳಿಯುತ್ತದೆ. ಆಗ ನಡುಕ ನಿಧಾನವಾಗುತ್ತದೆ. ಹಾಗಾದರೆ ಸೆನ್ಸರ್ ಅಂಟಿಸಿ ನಡುಕ ಎಣಿಸುತ್ತಾ ಕೂತರೆ ಸಾಕು, ಅಲ್ವಾ?

ಸಾಲದು. ಸ್ವಿಟ್ಜರ್ಲೆಂಡಿನ ಬರ್ನ್ ಪ್ರಾಂತ್ಯದಲ್ಲಿ ಹೆದ್ದಾರಿಯ ಮೇಲೆ ಜಡ್-24 ಅನ್ನುವ ಕಾಂಕ್ರೀಟ್ ಸೇತುವೆ ಇತ್ತು. ಪಕ್ಕದಲ್ಲಿ ಹೊಸ ರೈಲು ಮಾರ್ಗ ಬರುವುದಿತ್ತು, ಹಾಗಾಗಿ ಅದನ್ನು ಕೆಡವಲೇಬೇಕಿತ್ತು. ಹೇಗೂ ಕೆಡವುವ ಸೇತುವೆ ಸಂಶೋಧಕರಿಗೆ ಹಬ್ಬವೇ ಸರಿ! 1997ರ ಕೊನೆಯಿಂದ ಸುಮಾರು ಒಂದು ವರ್ಷ ಅದರ ನಡುಕವನ್ನೂ ಹವಾಮಾನವನ್ನೂ ಒಟ್ಟಿಗೆ ಅಳೆದರು. ಆಮೇಲೆ ಬೇಕಂತಲೇ ಹಾಳು ಮಾಡಿದರು. ಒಂದು ಕಂಬವನ್ನು ಹಂತ ಹಂತವಾಗಿ 95 ಮಿಲಿಮೀಟರ್‌ವರೆಗೆ ತಗ್ಗಿಸಿದರು, ಕಾಂಕ್ರೀಟನ್ನು ಒತ್ತಿ ಹಿಡಿಯಲು ಒಳಗೆ ಎಳೆದು ಕಟ್ಟಿದ್ದ ಉಕ್ಕಿನ ತಂತಿಗಳನ್ನೂ ಕತ್ತರಿಸಿದರು.

ನನಗೆ ಇದರಲ್ಲಿ ಹೆಚ್ಚು ಇಷ್ಟವಾಗೋದು ಹಾಳು ಮಾಡುವುದಕ್ಕೆ ಮುಂಚಿನ ಕಥೆ. ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದಾಗ, ಸೆಕೆಂಡಿಗೆ ಸುಮಾರು 4 ಸಲ ಇದ್ದ ನಡುಕ ಎದ್ದು ಕಾಣುವಷ್ಟು ಚುರುಕಾಯಿತು. ಸೇತುವೆಗೆ ಯಾರೂ ಏನೂ ಮಾಡಿರಲಿಲ್ಲ. ಬದಲಾಗಿದ್ದು ಮೇಲಿನ ಡಾಂಬರು. ಡಾಂಬರು ಬಿಸಿಲಿಗೆ ಮೆತ್ತಗಾಗುತ್ತದೆ, ಚಳಿಗೆ ಕಲ್ಲಿನಂತಾಗುತ್ತದೆ. ಬರೀ ಗಾಡಿ ಓಡಲು ಹಾಕಿದ ಪದರ ಚಳಿಗಾಲದಲ್ಲಿ ಸೇತುವೆಯ ಬಿಗಿತಕ್ಕೂ ಕೈಜೋಡಿಸಿತ್ತು. ರಸ್ತೆ ಸಾಮಗ್ರಿ ಒಂದು ವಿಭಾಗ, ಸೇತುವೆ ಇನ್ನೊಂದು ಅಂತ ಹಂಚಿಕೊಂಡು ಕೂತವರಿಗೆ ಇದು ಒಳ್ಳೆ ಪಾಠ.

ತೊಂದರೆ ಏನಪ್ಪಾ ಅಂದರೆ, ಬಿಗಿತ ನೂರಕ್ಕೆ 2ರಷ್ಟು ಇಳಿದರೆ ನಡುಕ ಇಳಿಯೋದು ನೂರಕ್ಕೆ 1ರಷ್ಟೇ. ಹವಾಮಾನ ಅದಕ್ಕಿಂತ ಜಾಸ್ತಿ ಏರುಪೇರು ಮಾಡಿಬಿಡುತ್ತದೆ. ಚಳಿಗಾಲದಲ್ಲಿ ಹುಟ್ಟಿದ ಬಿರುಕು ಡಾಂಬರಿನ ಮರೆಯಲ್ಲಿ ಅಡಗಿಬಿಡಬಹುದು. ಅದಕ್ಕೇ ಮೊದಲು ಎಲ್ಲಾ ಋತುಗಳಲ್ಲೂ ಅಳೆದು, ಇಷ್ಟು ಉಷ್ಣಾಂಶಕ್ಕೆ ಇಷ್ಟು ನಡುಕ ಸಹಜ ಅಂತ ಲೆಕ್ಕ ಕಟ್ಟುತ್ತಾರೆ. ಆ ಲೆಕ್ಕ ಮೀರಿದ ವ್ಯತ್ಯಾಸ ಕಂಡರೆ ಮಾತ್ರ ಅನುಮಾನ.

ಇಷ್ಟಾದರೂ ಸಣ್ಣ ಬಿರುಕು ಸಿಗುವುದಿಲ್ಲ. 1967ರಲ್ಲಿ ಅಮೆರಿಕದ ಓಹಾಯೋ ನದಿಯ ಸಿಲ್ವರ್ ಬ್ರಿಡ್ಜ್ ಕುಸಿದು 46 ಜನ ಸತ್ತರು. ಕಾರಣ, ಒಂದು ಉಕ್ಕಿನ ಕೊಂಡಿಯಲ್ಲಿದ್ದ ಸುಮಾರು 2.5 ಮಿಲಿಮೀಟರ್ ಆಳದ ಬಿರುಕು. ಅಂಥದ್ದು ಇಡೀ ಸೇತುವೆಯ ನಡುಕವನ್ನು ಬದಲಿಸುವುದೇ ಇಲ್ಲ. ಅದಕ್ಕೆ ಆಯಾ ಕೊಂಡಿಗೇ ಸೆನ್ಸರ್ ಅಂಟಿಸಿ, ಉಕ್ಕು ಸೀಳುವಾಗ ಹೊರಡುವ ಅಲೆಗಳನ್ನು ಹಿಡಿಯಬೇಕು. ಇಲ್ಲವೇ ಯಾರಾದರೂ ಹತ್ತಿರ ಹೋಗಿ ನೋಡಬೇಕು.