ಪೆಪ್ಸಿ ಪಾಚಿಯ ಪ್ರವರ

ರಾಮೇಶ್ವರದ ಆಸುಪಾಸಿನ ಮೀನುಗಾರ ಹೆಂಗಸರು ಕಡಲಿನ ಪಾಚಿಗಳಿಗೆ ಚಂದದ ಹೆಸರುಗಳನ್ನು ಇಟ್ಟುಕೊಂಡಿದ್ದಾರೆ. ಅವರ ‘ಕಂಜಿ ಪಾಸಿ’ ನಮ್ಮ ಬಾಯಲ್ಲಿ ಗಂಜಿ ಪಾಚಿ. ‘ಮರಿಕ್ಕೊಳುಂದು ಪಾಸಿ’ ಎಂದರೆ ದವನದ ಪಾಚಿ. ಅದರ ಸಣ್ಣ ಸಣ್ಣ ಕವಲುಗಳನ್ನು ನೋಡಿದರೆ ದವನದ ಕುಡಿಯೇ ನೆನಪಾಗುತ್ತದೆ. ಈ ಸಾಲಿನಲ್ಲಿ ಮೂರನೆಯ ಹೆಸರೊಂದು ಬರುತ್ತದೆ: ‘ಪೆಪ್ಸಿ ಪಾಸಿ’.

ಮೊದಲೆರಡು ಆ ಕಡಲಿನವೇ. ಬೆರಳಿಗೆ ಬಟ್ಟೆ ಸುತ್ತಿಕೊಂಡು, ಕಣ್ಣಿಗೆ ಈಜುವವರ ಕನ್ನಡಕ ಹಾಕಿಕೊಂಡು, ಉಸಿರು ಬಿಗಿಹಿಡಿದು ಮುಳುಗಿ ಬಂಡೆಯಿಂದ ಅವನ್ನು ಕೀಳುವುದು ಅಲ್ಲಿನ ಹೆಂಗಸರ ಹಳೆಯ ಕಸುಬು. ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಸಿಗುವ ಅಗರ್ ಹುಟ್ಟುವುದು ಇಂಥ ಪಾಚಿಗಳಿಂದಲೇ. ಸೂಕ್ಷ್ಮಜೀವಿಗಳನ್ನು ಬೆಳೆಸುವ ಪ್ರಯೋಗಾಲಯದ ತಟ್ಟೆಗೂ ಇದೇ ಬೇಕು. ಅದನ್ನು ಅಲ್ಲಿಗೆ ತಲುಪಿಸಿದ್ದು ಅಡುಗೆಮನೆಯ ಜಾಣ್ಮೆ. 1881ರ ಸುಮಾರಿಗೆ ಜರ್ಮನಿಯ ಸೂಕ್ಷ್ಮಜೀವಿ ವಿಜ್ಞಾನಿ ರಾಬರ್ಟ್ ಕಾಖ್‌ನ ಸಹಾಯಕ ವಾಲ್ಟರ್ ಹೆಸ್ಸೆ, ಬಿಸಿಗೆ ಕರಗಿಹೋಗುವ ಜೆಲಟಿನ್ ಜೊತೆ ಹೆಣಗುತ್ತಿದ್ದಾಗ, ಹಣ್ಣಿನ ಜೆಲ್ಲಿಗೆ ಅಗರ್ ಬಳಸುತ್ತಿದ್ದ ಅವನ ಹೆಂಡತಿ ಫ್ಯಾನಿ ಅದನ್ನೇ ಪ್ರಯೋಗಿಸಿ ನೋಡು ಎಂದಳು. ತಟ್ಟೆಗೆ ಕಾಖ್‌ನ ಸಹಾಯಕ ಪೆಟ್ರಿಯ ಹೆಸರು ಅಂಟಿಕೊಂಡಿತು, ಫ್ಯಾನಿಯ ಹೆಸರು ಎಲ್ಲಿಯೂ ಅಂಟಲಿಲ್ಲ.

ಪೆಪ್ಸಿ ಪಾಚಿಯದು ಬೇರೆಯೇ ಪ್ರವರ. ಶಾಸ್ತ್ರೀಯ ಹೆಸರು ಕಪ್ಪಾಫೈಕಸ್ ಅಲ್ವರೇಜಿ, ತವರು ಫಿಲಿಪ್ಪೀನ್ಸ್ ಕಡೆಯ ಕಡಲು. ಐಸ್‌ಕ್ರೀಮ್ ನುಣುಪಾಗಿರಲು, ಟೂತ್‌ಪೇಸ್ಟ್ ನೀರು ಬಿಡದಿರಲು ಬಳಸುವ ಕ್ಯಾರಗೀನನ್ ಎಂಬ ಅಂಟು ಇದರ ಕೋಶಭಿತ್ತಿಯಲ್ಲಿದೆ. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಕಡಲ ರಾಸಾಯನಿಕ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ಇದರ ಕೆಲವು ತುಂಡುಗಳನ್ನು ತರಿಸಿ ಮೊದಲು ಗುಜರಾತಿನಲ್ಲಿ, ಆಮೇಲೆ ರಾಮೇಶ್ವರದ ಬಳಿಯ ಮಂಡಪಂನಲ್ಲಿ ಬೆಳೆಸಿ ನೋಡಿತು. 2000ದ ಆಸುಪಾಸಿನಲ್ಲಿ ಪೆಪ್ಸಿಕೊ ಕಂಪನಿ ಒಪ್ಪಂದ ಕೃಷಿಗೆ ಇಳಿಯಿತು. ಪಾಚಿಗೆ ಹೆಸರು ಬಂದದ್ದು ಹಾಗೆ.

ಬೇಸಾಯ ಎಂದರೆ ಹನ್ನೆರಡು ಅಡಿ ಉದ್ದ, ಅಷ್ಟೇ ಅಗಲದ ಬಿದಿರಿನ ತೆಪ್ಪ. ಅದರ ಅಡ್ಡಕ್ಕೆ ಸಾಲಾಗಿ ಹಗ್ಗಗಳು, ಹಗ್ಗಕ್ಕೆ ಕಟ್ಟಿದ ಪಾಚಿಯ ತುಂಡುಗಳು, ಮೀನು ಮೇಯದಂತೆ ಅಡಿಯಲ್ಲೊಂದು ಬಲೆ. ಅರವತ್ತು ಕಿಲೋ ತುಂಡು ಕಟ್ಟಿದರೆ ನಲವತ್ತೈದು ದಿನಗಳಲ್ಲಿ ಇನ್ನೂರು ಕಿಲೋ ದಾಟುತ್ತದೆ. ಅರವತ್ತನ್ನು ಮುಂದಿನ ಬೆಳೆಗೆ ಎತ್ತಿಟ್ಟುಕೊಂಡು ಉಳಿದದ್ದನ್ನು ಒಣಗಿಸಿ ಮಾರಬಹುದು. ಉಳುಮೆ ಬೇಡ, ಸಿಹಿನೀರು ಬೇಡ, ಗೊಬ್ಬರ ಬೇಡ. ಪಾಚಿಗೆ ಬೇರಿಲ್ಲ, ನೀರು ಸಾಗಿಸುವ ನಾಳವಿಲ್ಲ. ಸಾರಜನಕ, ರಂಜಕಗಳನ್ನು ಅದು ಮೈಯೆಲ್ಲ ಬಾಯಾಗಿಸಿಕೊಂಡು ನೀರಿನಿಂದಲೇ ಹೀರುತ್ತದೆ. ಜೊತೆಗೆ ಇಂಗಾಲವನ್ನೂ. ಈ ಮಾತು ಬಂದ ಕೂಡಲೇ ಕಡಲ ಪಾಚಿ ಭೂಮಿಯ ಬಿಸಿಯನ್ನೇ ಇಳಿಸಿಬಿಡುತ್ತದೆ ಎಂಬ ಭಾಷಣಗಳು ಶುರುವಾಗುತ್ತವೆ. ಐಸ್‌ಕ್ರೀಮಿನಲ್ಲಿ ತಿಂದುಬಿಟ್ಟ ಇಂಗಾಲ ನಮ್ಮ ದೇಹದಿಂದ ಹೊರಬಿದ್ದು, ಕೊಳೆತು, ಬೇಗನೆ ಗಾಳಿಗೆ ಮರಳುತ್ತದೆ ಎಂಬುದು ಆ ಭಾಷಣಗಳಲ್ಲಿ ಬರುವುದಿಲ್ಲ.

ತೆಪ್ಪದ ಲೆಕ್ಕವೆಲ್ಲ ನಿಂತಿರುವುದು ಒಂದೇ ಗುಣದ ಮೇಲೆ. ಇದಕ್ಕೆ ಬೀಜ ಬೇಡ, ಮುರಿದ ಪ್ರತಿ ತುಂಡೂ ಹೊಸ ಗಿಡ. ಆದರೆ ತುಂಡು ಮುರಿಯುವುದು ರೈತನ ಕೈಯಲ್ಲಿ ಮಾತ್ರವಲ್ಲ, ಅಲೆಯ ಹೊಡೆತಕ್ಕೂ ಮುರಿಯುತ್ತದೆ.

ಮಂಡಪಂನ ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ದಕ್ಷಿಣದಲ್ಲಿರುವುದು ಇಪ್ಪತ್ತೊಂದು ದ್ವೀಪಗಳ ಸುತ್ತ ಹವಳದ ದಿಬ್ಬಗಳಿರುವ, 1986ರಲ್ಲಿ ಘೋಷಣೆಯಾದ ಕಡಲ ರಾಷ್ಟ್ರೀಯ ಉದ್ಯಾನ. ತಮಿಳುನಾಡು ಸರ್ಕಾರ 2005ರಲ್ಲಿ ಈ ಪರದೇಶಿ ಪಾಚಿಯನ್ನು ಪಾಕ್ ಕೊಲ್ಲಿಯ ಉತ್ತರದ ಮತ್ತು ತೂತ್ತುಕುಡಿಯ ದಕ್ಷಿಣದ ನೀರಿನಲ್ಲಿ ಮಾತ್ರ ಬೆಳೆಯಬೇಕು ಎಂದು ಆದೇಶಿಸಿತು. ಆದರೆ ಪಾಂಬನ್ ಸೇತುವೆಯ ಕೆಳಗೆ ಎರಡೂ ಕೊಲ್ಲಿಗಳ ನೀರು ಒಂದಾಗುತ್ತದೆ, ಮಳೆಗಾಲ ಬದಲಾದಂತೆ ಹರಿವಿನ ದಿಕ್ಕೂ ಬದಲಾಗುತ್ತದೆ. 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವರದಿ ಬಂತು: ಮನ್ನಾರ್ ಕೊಲ್ಲಿಯ ಉದ್ಯಾನದೊಳಗಿನ ಕುರುಸಡೈ ದ್ವೀಪದ ಕವಲುಹವಳಗಳ ಮೇಲೆ ಕಪ್ಪಾಫೈಕಸ್ ಹೊದ್ದು ಮಲಗಿದೆ.

ಹವಳ ಕಲ್ಲಲ್ಲ, ಪ್ರಾಣಿ. ಅದರ ಅಂಗಾಂಶದೊಳಗೆ ಏಕಕೋಶದ ಪಾಚಿಗಳು ಬಾಡಿಗೆಗಿವೆ; ಬಿಸಿಲು ಹಿಡಿದು ಸಕ್ಕರೆ ಮಾಡಿ ಬಾಡಿಗೆ ಕಟ್ಟುತ್ತವೆ. ಮೇಲೆ ದಪ್ಪ ಕಂಬಳಿ ಬಿದ್ದರೆ ಬಿಸಿಲಿಲ್ಲ, ಬಾಡಿಗೆಯೂ ಇಲ್ಲ. ಹೀಗೆ ಪಾಚಿಯಿಂದಲೇ ಬದುಕುವ ಹವಳವನ್ನು ಪಾಚಿಯೇ ಉಸಿರುಗಟ್ಟಿಸುತ್ತದೆ. ‘ಕಡಲಕಳೆ’ ಎಂಬ ಪದ ನನಗೆ ಎಂದೂ ಹಿಡಿಸಿದ್ದಿಲ್ಲ. ಇಂಗ್ಲಿಷಿನವರು ಕಡಲಿನ ಗಿಡವನ್ನೆಲ್ಲ ಕಳೆ ಎಂದು ಕರೆದರೆ ನಾವೂ ಹಾಗೆಯೇ ಕರೆಯಬೇಕೇ? ಕುರುಸಡೈಯ ಮಟ್ಟಿಗೆ ಮಾತ್ರ ಆ ಪದ ಸರಿಯಾಗಿ ಕೂರುತ್ತದೆ. ಬಂಡೀಪುರದ ಲಂಟಾನವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಕಥೆ ಹವಾಯಿಯ ಕನೆಯೋಹೆ ಕೊಲ್ಲಿಯಲ್ಲಿ ಮೊದಲೇ ನಡೆದಿತ್ತು. 1970ರ ದಶಕದಲ್ಲಿ ಪ್ರಯೋಗಕ್ಕೆಂದು ತಂದ ಕಪ್ಪಾಫೈಕಸ್ ದಿಬ್ಬಗಳಿಗೆ ಹಬ್ಬಿತು. ಕೈಯಿಂದ ಕಿತ್ತರೆ ಬಿರುಕಿನಲ್ಲಿ ಉಳಿದ ಚೂರು ಮತ್ತೆ ಚಿಗುರುತ್ತಿತ್ತು. ಕೊನೆಗೆ ದೋಣಿಯ ಮೇಲೆ ದೊಡ್ಡ ಪಂಪು ಕೂರಿಸಿ, ಮುಳುಗುಗಾರರು ಕಿತ್ತದ್ದನ್ನೆಲ್ಲ ಕೊಳವೆಯಲ್ಲಿ ಹೀರಿ ತೆಗೆದರು. ಉಳಿದ ಚೂರುಗಳನ್ನು ಮೇಯಲು ಕಡಲಕಂಟಕಗಳನ್ನು ಮರಿಮಾಡಿಸಿ ಬಿಟ್ಟರು. ಮೈಯೆಲ್ಲ ಮುಳ್ಳಿನ ಆ ಚೆಂಡುಗಳು ದನಗಳಂತೆ ನಿಧಾನವಾಗಿ ದಿಬ್ಬವನ್ನು ಮೇಯುತ್ತಾ ಹೋಗುತ್ತವೆ.

ಇಷ್ಟು ಹಟಮಾರಿ ಪಾಚಿ ತೆಪ್ಪದ ಮೇಲೆ ಮಾತ್ರ ಸುಕುಮಾರಿ. ನೀರು ಸ್ವಲ್ಪ ಹೆಚ್ಚು ಬಿಸಿಯಾದರೆ, ಉಪ್ಪು ಏರುಪೇರಾದರೆ ಕೊಂಬೆಗಳು ಬೆಳ್ಳಗಾಗಿ ಮುರಿದು ಬೀಳುತ್ತವೆ. ‘ಐಸ್-ಐಸ್’ ಎಂಬುದು ಆ ರೋಗದ ಹೆಸರು. 2013ರ ನಂತರ ತಮಿಳುನಾಡಿನ ತೆಪ್ಪಗಳಲ್ಲಿ ಬೆಳೆ ದೊಡ್ಡ ಪ್ರಮಾಣದಲ್ಲಿ ಸತ್ತು ಇಳುವರಿ ಕುಸಿಯಿತು. ಎಲ್ಲವೂ ಹಿಂದೆ ತಂದ ಕೆಲವೇ ತುಂಡುಗಳ ತುಂಡುಗಳು, ಒಂದಕ್ಕೆ ತಾಳಲಾಗದ್ದು ಯಾವುದಕ್ಕೂ ತಾಳಲಾಗದು. ಕಂದಿನಿಂದ ಕಂದಿಗೆ ಬೆಳೆಸಿಕೊಂಡು ಬಂದ ನಂಜನಗೂಡು ರಸಬಾಳೆ ಪನಾಮ ಸೊರಗು ರೋಗಕ್ಕೆ ತುತ್ತಾದ ಬಗೆಯೂ ಇದೇ.

ಪಾಕ್ ಕೊಲ್ಲಿಯಲ್ಲಿ ಹವಳದ ಜೊತೆಗೆ ಇನ್ನೊಂದು ಆಸ್ತಿ ಇದೆ: ಕಡಲ ಹುಲ್ಲುಗಾವಲು. ಬೇರು, ಹೂವು ಎರಡೂ ಇರುವ ನಿಜವಾದ ಸಸ್ಯ ಅದು. ಡುಗಾಂಗ್ ಎಂಬ ಕಡಲ ಹಸುವಿಗೆ ಅದೇ ಮೇವು. ಆ ಹಸುವಿಗಾಗಿಯೇ 2022ರಲ್ಲಿ ಅಲ್ಲಿ 448 ಚದರ ಕಿಲೋಮೀಟರ್ ಮೀಸಲು ಪ್ರದೇಶ ಘೋಷಣೆಯಾಯಿತು. ತೆಪ್ಪದಡಿ ಮರಿಮೀನುಗಳು ಆಸರೆ ಪಡೆಯುವುದು ನಿಜ. ತೆಪ್ಪದ ನೆರಳು ಹುಲ್ಲಿನ ಮೇಲೆ ಬಿದ್ದರೆ ಅದು ಸೊರಗುವುದೂ ಅಷ್ಟೇ ನಿಜ. ತೆಪ್ಪವನ್ನು ಬರಿ ಮರಳಿನ ಮೇಲೆ ತೇಲಿಸುವುದೋ ಹುಲ್ಲಿನ ಮೇಲೋ ಎಂಬುದು ನೂರು ಮೀಟರ್ ಆಚೀಚೆಯ ಮಾತು. ಪಾಚಿ ಕೃಷಿಯ ಲಾಭ-ನಷ್ಟವೆಲ್ಲ ನನಗೆ ಕಾಣುವುದು ಇಂಥ ನೂರು ಮೀಟರುಗಳಲ್ಲಿ.

ಈ ಕೃಷಿಯ ಮಾತು ಈಗ ನಮ್ಮ ಕರಾವಳಿಯಲ್ಲಿಯೂ ಕೇಳಿಬರುತ್ತಿದೆ. ಇಲ್ಲಿ ಜೂನ್ ಬಂತೆಂದರೆ ಕಾಳಿ, ಶರಾವತಿ, ನೇತ್ರಾವತಿ ಸೇರಿ ದಡದ ನೀರನ್ನೇ ಸಪ್ಪೆ ಮಾಡಿಬಿಡುತ್ತವೆ. ಅಲೆಗಳ ಹೊಡೆತಕ್ಕೆ ಬಿದಿರಿನ ತೆಪ್ಪ ಮೂರು ದಿನವೂ ತಾಳದು. ಎಂಟು ತಿಂಗಳ ಬೆಳೆ ಎಂದುಕೊಂಡರೂ, ಮಳೆಗೆ ಮೊದಲು ಹಗ್ಗಗಳನ್ನೆಲ್ಲ ದಡಕ್ಕೆ ಎಳೆದುಕೊಳ್ಳಬೇಕಾಗುತ್ತದೆ. ಆಗ ಹಗ್ಗದಿಂದ ಜಾರಿದ ತುಂಡು ಯಾವುದೆಂಬುದು ಮುಖ್ಯ. ಕಾರವಾರದ ಬಂಡೆಗಳ ಮೇಲೆ ಈಗಾಗಲೇ ಇರುವ ಜಾತಿಯಾದರೆ ಅದು ತನ್ನ ಮನೆಗೇ ಹೋಗುತ್ತದೆ. ಕಪ್ಪಾಫೈಕಸ್ ಆದರೆ, ಮುರ್ಡೇಶ್ವರದಿಂದ ನೇತ್ರಾಣಿಯ ಹವಳಕ್ಕೆ ಇರುವ ದೂರ ಇಪ್ಪತ್ತು ಕಿಲೋಮೀಟರಿನಷ್ಟು.