ತಪ್ಪಿದ್ದರೂ ಉತ್ತರ ಕೊಡುವ ಪ್ರೋಗ್ರಾಂ

ಕಾಫಿ ಬೀಜವನ್ನು ಎಎ, ಎ, ಬಿ ಎಂದು ಬೇರ್ಪಡಿಸಲು ಕಂಪ್ಯೂಟರ್ ಬೇಡ. ಅದು ಗಾತ್ರದ ಲೆಕ್ಕ; ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಜರಡಿಯೇ ಅದನ್ನು ಸಲೀಸಾಗಿ ಮಾಡುತ್ತದೆ. ಸ್ಯಾಂಪಲ್‌ನಲ್ಲಿರುವ ಕಪ್ಪು ಬೀಜ, ಹುಳು ಕೊರೆದ ಬೀಜ, ಬಣ್ಣಗೆಟ್ಟ ಬೀಜಗಳನ್ನು ಗುರುತಿಸುವ ಮಾತು ಬೇರೆ. ಉದ್ದ, ಅಗಲ, ತೂಕ, ಬಣ್ಣದ ಹಲವು ಅಳತೆಗಳನ್ನು ಕೂಡಿಸಿ ನೋಡಬೇಕು. ಅಲ್ಲಿ ನಾನು ಮೊದಲು ಪ್ರಯತ್ನಿಸುವುದು, ಹಲವು ‘ನಿರ್ಧಾರ ಮರ’ಗಳನ್ನು ಬೆಳೆಸಿ ಅವುಗಳ ಮತ ಕೇಳುವ ರ್‍ಯಾಂಡಮ್ ಫಾರೆಸ್ಟ್.

ಲಿಯೋ ಬ್ರೈಮನ್ 2001ರಲ್ಲಿ ವಿವರಿಸಿದ ಈ ವಿಧಾನ ಸರಳ. ಮರವೆಂದರೆ ಅಳತೆಗಳ ಬಗ್ಗೆ ಒಂದೊಂದೇ ಪ್ರಶ್ನೆ ಕೇಳಿ, ಕವಲೊಡೆಯುತ್ತ ಉತ್ತರ ತಲುಪುವ ಸರಣಿ. ಕೋಷ್ಟಕದಲ್ಲಿ ಬೀಜಕ್ಕೊಂದು ಸಾಲು. ಕೋಷ್ಟಕದ ಸಾಲುಗಳನ್ನು ಲಾಟರಿಯಂತೆ ಎತ್ತಿ, ಎತ್ತಿದ್ದನ್ನು ಮತ್ತೆ ಒಳಗೇ ಹಾಕುತ್ತ ಪ್ರತಿ ಮರಕ್ಕೂ ಬೇರೆ ಬೇರೆ ದತ್ತಾಂಶ ಕೊಡುತ್ತೇವೆ. ಮರದ ಪ್ರತಿ ಕವಲಿನಲ್ಲೂ ಯಾದೃಚ್ಛಿಕವಾಗಿ ಆರಿಸಿದ ಕೆಲವೇ ಲಕ್ಷಣಗಳನ್ನು, ಅಂದರೆ ಅಳತೆಗಳನ್ನು, ಪರಿಗಣಿಸುತ್ತೇವೆ. 16 ಲಕ್ಷಣಗಳಿದ್ದರೆ ವಾಡಿಕೆಯಂತೆ ಅದರ ವರ್ಗಮೂಲ, 4. ಕೊನೆಗೆ ಮರಗಳ ಬಹುಮತವೇ ತೀರ್ಪು.

ತೊಡಕಿರುವುದೂ ಈ ಬಹುಮತದಲ್ಲೇ. ಒಂದು ಮರದ ತಪ್ಪನ್ನು ಉಳಿದ ಮರಗಳು ಮುಚ್ಚಿಹಾಕುವಂತೆ, ಬರೆದವರ ತಪ್ಪನ್ನೂ ಮುಚ್ಚಿಹಾಕುತ್ತವೆ. ಲಕ್ಷಣಗಳನ್ನು ಕವಲಿಗೊಮ್ಮೆ ಆರಿಸುವ ಬದಲು ಮರಕ್ಕೊಮ್ಮೆ ಆರಿಸಿದರೂ ಪ್ರೋಗ್ರಾಂ ನಿಲ್ಲುವುದಿಲ್ಲ. ಫಲಿತಾಂಶ ತುಸು ಬದಲಾಗಬಹುದು, ಅಷ್ಟೆ. ಹಾಗಾಗಿ ಈ ಕೆಲಸಕ್ಕೆ ಮೌಲ್ಯಗಳ ಬಗೆಗಳ, ಅಂದರೆ ಟೈಪ್‌ಗಳ ವಿಷಯದಲ್ಲಿ ಕಟ್ಟುನಿಟ್ಟಾದ ಪ್ರೋಗ್ರಾಮಿಂಗ್ ಭಾಷೆಯೇ ಲೇಸೆಂಬುದು ನನ್ನ ಅಭಿಪ್ರಾಯ. ನಾನು ಬಳಸುವುದು ರಸ್ಟ್.

ಅದರಲ್ಲಿ ಮರವೆಂದರೆ ಒಂದು ಎನಮ್, ಅಂದರೆ ಕೆಲವು ನಿಗದಿತ ರೂಪಗಳಲ್ಲಿ ಒಂದಾಗಿರುವ ಟೈಪ್: ಎಲೆ, ಇಲ್ಲವೇ ಕವಲು. ಕವಲಿನೊಳಗೆ ಮತ್ತೆರಡು ಮರಗಳಿರುವುದರಿಂದ ಅವನ್ನು, ವಿಳಾಸವನ್ನಷ್ಟೇ ಹಿಡಿದಿರುವ ಬಾಕ್ಸ್‌ನಲ್ಲಿಡಬೇಕು, ಇಲ್ಲವಾದರೆ ಪ್ರೋಗ್ರಾಂ ಅನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್‌ಗೆ ಗಾತ್ರ ತಿಳಿಯುವುದಿಲ್ಲ. ಸಾಲಿನ ಸಂಖ್ಯೆಗೂ ಲಕ್ಷಣದ ಸಂಖ್ಯೆಗೂ ಪ್ರತ್ಯೇಕ ಟೈಪ್ ಕೊಡಿ. ಎರಡೂ ಬರಿಯ ಪೂರ್ಣಾಂಕಗಳಾದರೆ ಅದಲುಬದಲಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ದಶಮಾಂಶ ಸಂಖ್ಯೆಗಳನ್ನು ನೇರವಾಗಿ ಏರಿಕೆಯ ಕ್ರಮದಲ್ಲಿ ಜೋಡಿಸಲು ರಸ್ಟ್ ಒಪ್ಪುವುದಿಲ್ಲ ಎಂದು ಹೊಸಬರು ಗೊಣಗುತ್ತಾರೆ. ಆ ಹಟಕ್ಕೆ ಕಾರಣವಿದೆ: ಅಳತೆಗಳ ನಡುವೆ ಸಂಖ್ಯೆಯೇ ಅಲ್ಲದ ಮೌಲ್ಯವೊಂದು ನುಸುಳಿದ್ದರೆ ಅದನ್ನು ಯಾವುದರ ಜೊತೆಗೂ ಹೋಲಿಸಲಾಗದು. 2022ರ 1.62 ಆವೃತ್ತಿಯಿಂದ ಅಂಥ ಮೌಲ್ಯಕ್ಕೂ ಒಂದು ಕ್ರಮ ಕೊಡುವ ‘ಟೋಟಲ್ ಸಿಎಂಪಿ’ ಎಂಬ ದಾರಿ ಇದೆಯಾದರೂ, ಅಂಥ ಮೌಲ್ಯವನ್ನು ಫೈಲ್ ಓದುವಾಗಲೇ ತಡೆಯುವುದು ನನಗೆ ಹೆಚ್ಚು ಇಷ್ಟ.

ಕಂಪೈಲರ್ ಅನ್ನು ನಂಬಿ ಮೋಸಹೋಗುವ ಜಾಗವೂ ಒಂದಿದೆ. ಮರಗಳನ್ನು ಹಲವು ಥ್ರೆಡ್‌ಗಳಲ್ಲಿ, ಅಂದರೆ ಒಟ್ಟಿಗೇ ಓಡುವ ಎಳೆಗಳಲ್ಲಿ, ಏಕಕಾಲಕ್ಕೆ ಬೆಳೆಸಬಹುದು. ದತ್ತಾಂಶವನ್ನು ಎಲ್ಲರೂ ಓದುವುದಷ್ಟೇ ತಾನೆ. ಆದರೆ ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಜನರೇಟರ್ ಪ್ರತಿ ಬಾರಿಯೂ ಬದಲಾಗುತ್ತದೆ. ಅದನ್ನು ಥ್ರೆಡ್‌ಗಳ ನಡುವೆ ಹಾಗೆಯೇ ಹಂಚಲು ರಸ್ಟ್ ಬಿಡುವುದಿಲ್ಲ. ಆಗ ಅನೇಕರು ಪ್ರತಿ ಮರಕ್ಕೂ ಒಂದು ಹೊಸ ಜನರೇಟರ್ ಮಾಡಿಕೊಳ್ಳುತ್ತಾರೆ, ಆದರೆ ಒಂದೇ ಆರಂಭಿಕ ಸಂಖ್ಯೆಯಿಂದ, ಅಂದರೆ ಒಂದೇ ಸೀಡ್‌ನಿಂದ. ಕಂಪೈಲರ್‌ಗೆ ತೃಪ್ತಿ, ಪ್ರೋಗ್ರಾಂಗೂ ವೇಗ. ನೂರು ಮರಗಳು ಮಾತ್ರ ಒಂದರ ಪಡಿಯಚ್ಚು ಇನ್ನೊಂದು! ಸೀಡ್‌ಗೆ ಮರದ ಸಂಖ್ಯೆಯನ್ನು ಕೂಡಿಸಿಕೊಂಡರೆ ಈ ತೊಂದರೆ ಇಲ್ಲ.

ಇದನ್ನು ಪತ್ತೆಹಚ್ಚುವ ಉಪಾಯ ವಿಧಾನದಲ್ಲೇ ಅಡಗಿದೆ. ಲಾಟರಿ ಎತ್ತುವಾಗ ಪ್ರತಿ ಮರಕ್ಕೂ ಸುಮಾರು 36.8 ಶೇಕಡಾ ಸಾಲುಗಳು ಸಿಗದೇ ಉಳಿಯುತ್ತವೆ. ಒಂದು ಸಾಲಿನ ಪರೀಕ್ಷೆಗೆ, ಅದನ್ನು ನೋಡದೇ ಬೆಳೆದ ಮರಗಳ ಮತವನ್ನಷ್ಟೇ ಎಣಿಸಬೇಕು. ಈ ಮತದ ಫಲಿತಾಂಶವನ್ನು, ಮೌಲ್ಯ ಇರಬಹುದು ಇಲ್ಲದಿರಬಹುದು ಎಂದು ಸಾರುವ ‘ಆಪ್ಷನ್’ ಟೈಪ್‌ನಲ್ಲಿಟ್ಟರೆ, ಒಂದೂ ಮತ ಬಾರದ ಸಾಲು ‘ನನ್’ (ಏನೂ ಇಲ್ಲ) ಆಗಿ ಎದ್ದು ಕಾಣುತ್ತದೆ. ನೂರು ಮರಗಳಿದ್ದಾಗ ಅಂಥ ಸಾಲು ಒಂದೂ ಸಿಗುವುದಿಲ್ಲವೆಂದೇ ಹೇಳಬಹುದು. 63 ಶೇಕಡಾ ಸಾಲುಗಳು ಹಾಗಿದ್ದರೆ, ಎಲ್ಲ ಮರಗಳೂ ಅವೇ ಸಾಲುಗಳನ್ನು ಕಂಡಿವೆ, ಸೀಡ್ ಒಂದೇ ಆಗಿದೆ ಎಂದರ್ಥ.

ಈ ಪರೀಕ್ಷೆಯ ಅಂಕವನ್ನು ಬೆಳೆಗಾರರಿಗೆ ಹೇಳುವ ಮುನ್ನ ಇನ್ನೊಂದನ್ನು ನೋಡಿ. ಒಂದೇ ತೋಟದ ಒಂದೇ ಚೀಲದ ಬೀಜಗಳು ಪರಸ್ಪರ ಹೋಲುತ್ತವೆ. ಕೆಲವು ತರಬೇತಿಗೆ, ಕೆಲವು ಪರೀಕ್ಷೆಗೆ ಹೋದರೆ ಅಂಕ ಉಬ್ಬುತ್ತದೆ. ಆದ್ದರಿಂದ ಲಾಟರಿಯನ್ನು ಬೀಜಕ್ಕಲ್ಲ, ಚೀಲಕ್ಕೆ ಎತ್ತಿ. ಚೀಲದ ಸಂಖ್ಯೆಗೂ ಅದರದೇ ಟೈಪ್ ಕೊಡಿ.